ಯಾರನ್ನೂ ಕೇಳದೆ ಹೋದ ದಾರಿ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕಿಟಕಿಯ ಹಿಂದೆ ನಾನು ಇಪ್ಪತ್ತಾರು ವರ್ಷ ಕುಳಿತಿದ್ದೆ. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ತಡವಾಗಿ ಬಂದ ಚಾಲಕನಿಂದ ಕಾರಣ ಬರೆಸಿಕೊಳ್ಳುವುದು ನನ್ನ ಕೆಲಸ. ಕಿಟಕಿಯ ಪಕ್ಕದಲ್ಲೇ ವೇಳಾಪಟ್ಟಿಯ ದೊಡ್ಡ ಫಲಕ ಇತ್ತು. ವೇಳೆ ಬದಲಾದಾಗಲೆಲ್ಲ ನಾನೇ ಮುಂದೆ ನಿಂತು ಅದನ್ನು ಹೊಸದಾಗಿ ಬರೆಸುತ್ತಿದ್ದೆ. ಆದರೂ ಜನ ಅದನ್ನು ಓದುತ್ತಿರಲಿಲ್ಲ. ಕಿಟಕಿಯೊಳಗೆ ಮುಖ ಹಾಕಿ, ಅಥಣಿ ಗಾಡಿ ಎಷ್ಟಕ್ಕೈತ್ರಿ ಎಂದು ಕೇಳುತ್ತಿದ್ದರು. ಒಬ್ಬನಿಗೆ ಹೇಳಿ ಮುಗಿಸುವಷ್ಟರಲ್ಲಿ ಅದನ್ನೆಲ್ಲ ಕೇಳಿಸಿಕೊಂಡು ಹಿಂದೆ ನಿಂತಿದ್ದವನೂ ಅದೇ ಪ್ರಶ್ನೆ ಕೇಳುತ್ತಿದ್ದ. ಕೊನೆಕೊನೆಗೆ ನಾನು ಬಾಯಿಂದ ಉತ್ತರ ಕೊಡುವುದನ್ನೇ ಬಿಟ್ಟೆ. ತಲೆ ಎತ್ತದೆ ಪೆನ್ನಿನಿಂದ ಫಲಕದ ಕಡೆ ತೋರಿಸುತ್ತಿದ್ದೆ. ಕೇಳುವುದು ಶಿಸ್ತಿಲ್ಲದವರ ಚಟ ಎಂದು ನನಗೆ ಖಾತ್ರಿಯಾಗಿತ್ತು. ನಿವೃತ್ತನಾದ ಮೇಲೂ ಆ ಖಾತ್ರಿ ನನ್ನನ್ನು ಬಿಡಲಿಲ್ಲ.

ನಿವೃತ್ತಿಯಾದ ಮರುವರ್ಷ ಒಂದು ಹಳೆಯ ಸಣ್ಣ ಕಾರು ಕೊಂಡೆ. ಸುತ್ತಲಿನ ಊರುಗಳ ಹೆಸರು, ಅಂತರ, ನಿಲುಗಡೆ ಎಲ್ಲವೂ ನನಗೆ ಬಾಯಿಪಾಠವಾಗಿದ್ದವು. ಆದರೆ ಆ ಊರುಗಳಿಗೆ ನಾನು ಹೋದದ್ದು ಕಡಿಮೆ. ಕುಳಿತಲ್ಲಿಂದಲೇ ಅಷ್ಟೂ ಗಾಡಿಗಳನ್ನು ಕಳಿಸಿದವನು ನಾನು. ಮೊದಲ ಸಲ ಕಾರು ತೆಗೆದುಕೊಂಡು ಅಲಖನೂರಿನ ಕಡೆ ಒಂದು ತೋಟದ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋದೆ. ಎರಡೂ ಕಡೆ ಆಳೆತ್ತರದ ಕಬ್ಬು. ದಾರಿ ಎಲ್ಲಿ ತಿರುಗುತ್ತದೆಂದೇ ಕಾಣಲಿಲ್ಲ. ಮೂರು ಕಡೆ ಇಳಿದು ಕೇಳಬೇಕಾಯಿತು. ಮೊದಲನೆಯವನು ನಾನು ಯಾರ ಪೈಕಿ ಎಂದು ತಿಳಿದುಕೊಂಡ ಮೇಲೆಯೇ ದಾರಿ ಹೇಳಿದ. ಎರಡನೆಯವನು ಅದಕ್ಕೆ ತದ್ವಿರುದ್ಧ ಹೇಳಿದ. ಮೂರನೆಯವನು ಕಾರಿನಲ್ಲೇ ಹತ್ತಿ ಕುಳಿತು, ಮೊದಲು ತನ್ನ ಮನೆಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿ, ಆಮೇಲೆ ದಾರಿ ತೋರಿಸಿದ. ನಾನು ಮುಟ್ಟುವ ಹೊತ್ತಿಗೆ ಹೆಸರಿಟ್ಟು, ಊಟಕ್ಕೆ ಎರಡನೇ ಪಂಕ್ತಿ ಕೂತಿತ್ತು. ಮನೆಗೆ ಬಂದವನೇ ದಾರಿ ತೋರಿಸುವ ಯಂತ್ರ ಕೊಳ್ಳುವ ನಿರ್ಧಾರ ಮಾಡಿದೆ. ಫೋನಿನಲ್ಲಿ ನಕಾಶೆ ನೋಡುವ ಕಾಲ ನಮ್ಮ ಕಡೆ ಇನ್ನೂ ಬಂದಿರಲಿಲ್ಲ.

ನಿಪ್ಪಾಣಿಯಲ್ಲಿ ಹೆದ್ದಾರಿ ಪಕ್ಕ, ಕಾರಿಗೆ ಸೀಟು ಕವರು, ಟೇಪು ಹಾಕಿಕೊಡುವ ಅಂಗಡಿಯಲ್ಲಿ ಅದು ಸಿಗುತ್ತದೆಂದು ತಿಳಿಯಿತು. ಕೇಳಬೇಕಾದ ಒಂಬತ್ತು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ಹೊರಟೆ. ಜೊತೆಗೆ ನನ್ನ ಸೋದರಮಾವ ಬಂದ. ಎಪ್ಪತ್ತೈದು ದಾಟಿದ ಮನುಷ್ಯ, ತಂಬಾಕು ತಿನ್ನುವುದು ನಿಪ್ಪಾಣಿಯದನ್ನೇ. ಅದನ್ನು ಸ್ವತಃ ಮೂಸಿ ನೋಡಿ ತರಬೇಕು.

ಅಂಗಡಿಯವನು ಮೂರು ಯಂತ್ರ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದರಲ್ಲಿ ಹೆದ್ದಾರಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಚಿಕ್ಕೋಡಿ ಕಡೆ ಹೊರಳಿಸಿದ ಕೂಡಲೇ ಪರದೆಯ ಮೇಲಿನ ಪುಟ್ಟ ಕಾರು ಖಾಲಿ ಜಾಗದಲ್ಲಿ ನಿಂತುಬಿಟ್ಟಿತು. ಮಾವ ಬಗ್ಗಿ ನೋಡಿ, "ಗಾಡಿ ಹೊಲಕ್ಕ ಬಿತ್ತಲ್ಲಲೇ ನಿಂದು" ಎಂದ. ಎರಡನೆಯದರಲ್ಲಿ ಊರುಗಳು ಇದ್ದವು. ಊರಿನ ತನಕ ಕರೆದೊಯ್ದು ಬಿಡುತ್ತದೆ, ಅಲ್ಲಿಂದ ಮುಂದೆ ಮನೆ ಯಾವುದೆಂದು ನೀವು ಕೇಳಿಕೊಂಡು ಹೋಗಬೇಕು ಎಂದು ಅಂಗಡಿಯವನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ. ಮೂರನೆಯದು ದುಬಾರಿ. ಅದರಲ್ಲಿ ಊರಿನ ಹೆಸರೇ ಬೇಕಿಲ್ಲ. ಅಕ್ಷಾಂಶ ರೇಖಾಂಶದ ಅಂಕಿ ಒತ್ತಿದರೆ ಸಾಕು, ಹೊಲದ ನಡುವಿನ ಮನೆಯಾದರೂ ಬಾಗಿಲ ಮುಂದೆ ನಿಲ್ಲಿಸುತ್ತದೆ. ಯಾರನ್ನೂ ಒಂದು ಮಾತು ಕೇಳುವ ಅಗತ್ಯವಿಲ್ಲ.

ನನ್ನ ಉಳಿದ ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಮೂರನೆಯದನ್ನು ಕಟ್ಟಿಸಿದೆ.

ನಾನು ಯಂತ್ರ ನೋಡುತ್ತಿದ್ದ ಅರ್ಧ ಗಂಟೆಯಲ್ಲಿ ಮಾವ ಅಂಗಡಿಯವನ ಊರು, ಅವನ ಹೆಂಡತಿಯ ತವರು, ಅಣ್ಣತಮ್ಮಂದಿರು ಬೇರೆಯಾದದ್ದು ಯಾವ ಕಾರಣಕ್ಕೆ, ಎಲ್ಲವನ್ನೂ ತಿಳಿದುಕೊಂಡಿದ್ದ. ಅದು ಅವನಿಗೆ ಅಭ್ಯಾಸ. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವಾಗ, ತರುವಾಗ ಆ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವುದು ಮಾವನದೇ ಕೆಲಸ. ಅವನ ಪದ್ಧತಿ ಸರಳ. ಊರಿನ ಸ್ಟ್ಯಾಂಡಿನಲ್ಲಿ ಇಳಿಯುವುದು, ಚಹಾ ಅಂಗಡಿ ಅಥವಾ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂರುವುದು, ತಂಬಾಕು ಹಂಚಿಕೊಳ್ಳುವುದು, ಇಂಥವರ ಮನೆಗೆ ಹೇಗೆ ಹೋಗಬೇಕೆಂದು ಕೇಳುವುದು. ಅಷ್ಟೇ. ಮನೆತನ ಹೇಗಿದೆ ಎಂದು ಅವನು ಎಂದೂ ಬಾಯಿಬಿಟ್ಟು ಕೇಳಿದವನಲ್ಲ. ಜನ ಕೈ ಮಾಡಿ ಸರಕ್ಕನೆ ದಾರಿ ತೋರಿಸಿದರೆ ಮುಂದೆ ಹೋಗುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರ ಮನೆಯಲ್ಲಿ ನಿಮಗೇನು ಕೆಲಸ ಎಂದು ಕೇಳಿದರೆ ಮತ್ತೊಂದು ಚಹಾ ಹೇಳುತ್ತಿದ್ದ. ಆ ಎರಡನೇ ಚಹಾ ಮುಗಿಯುವುದರೊಳಗೆ ತಿಳಿಯಬೇಕಾದ್ದು ತಿಳಿಯುತ್ತಿತ್ತು. ನಮ್ಮ ಕಡೆ ಯಾರೂ ತಾವಾಗಿ ಹೋಗಿ ಇನ್ನೊಬ್ಬರ ಸಂಬಂಧ ಕೆಡಿಸುವುದಿಲ್ಲ. ಆದರೆ ಹೆಣ್ಣಿನ ಕಡೆಯವರು ಬಂದು ದಾರಿ ಕೇಳಿದರೆ ಸುಳ್ಳು ಹೇಳಿ ಕಳಿಸುವುದೂ ಇಲ್ಲ. ದಾರಿ ಕೇಳುವುದು ಎಂದರೆ ಇದು ಎಂದು ನಾನು ಆ ವಯಸ್ಸಿನವರೆಗೂ ಅರ್ಥ ಮಾಡಿಕೊಂಡಿರಲಿಲ್ಲ. ಮಾವ ಚಹಾದ ಆಸೆಗೆ ಹೊತ್ತು ಕಳೆಯುತ್ತಾನೆ ಎಂದುಕೊಂಡಿದ್ದೆ.

ಅದೇ ಚಳಿಗಾಲದಲ್ಲಿ ನನ್ನ ಅಣ್ಣನ ಮಗಳಿಗೆ ಒಂದು ಸಂಬಂಧ ಬಂತು. ಅಣ್ಣ ತೀರಿ ಆರು ವರ್ಷವಾಗಿತ್ತು. ಅವನ ಹೆಂಡತಿ, ನಮ್ಮ ವೈನಿ, ಮತ್ತು ಮಗಳು ನಮ್ಮ ಓಣಿಯಲ್ಲೇ ಇದ್ದರು. ಹುಡುಗಿ ಬಿ.ಕಾಂ. ಮುಗಿಸಿ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತಳಾಗಿದ್ದಳು. ಅವಳ ಮದುವೆಯ ಹೊಣೆ ನನ್ನದು. ಅದನ್ನು ನಾನೇ ಅಣ್ಣನ ಮಣ್ಣು ಮುಗಿಸಿ ಬಂದ ದಿನ ಎಲ್ಲರೆದುರು ಹೇಳಿದ್ದೆ.

ವರ ರಾಯಬಾಗ ತಾಲೂಕಿನವನು. ಊರಿನ ಹೆಸರು ಬರೆಯುವುದಿಲ್ಲ, ಊರಿನದೇನೂ ತಪ್ಪಿಲ್ಲ. ಮೊಬೈಲ್ ಟವರುಗಳ ದುರಸ್ತಿ ನೋಡಿಕೊಳ್ಳುವ ನೌಕರಿ. ವಾರದಲ್ಲಿ ಮೂರು ದಿನ ಮೀರಜ ಕಡೆ ಡ್ಯೂಟಿ. ಮನೆ ನೋಡಲು ನಾವು ಬರುತ್ತೇವೆಂದು ತಿಳಿಸಿದಾಗ ಅವನೇ ನನಗೆ ಫೋನ್ ಮಾಡಿದ. ನನ್ನ ಹತ್ತಿರ ಯಂತ್ರವಿದೆ ಎಂದು ಮಾತಿನ ನಡುವೆ ನಾನೇ ಹೇಳಿದೆ. ಅವನ ದನಿ ಚುರುಕಾಯಿತು.

"ಹಂಗಾರ ಊರಾಗ ಯಾರನ್ನೂ ಕೇಳಾಕ ಹೋಗಬ್ಯಾಡ್ರಿ. ಒಬ್ಬೊಬ್ಬ ಒಂದೊಂದ ಹೇಳ್ತಾನ. ನಂಬರ್ ಕಳಸ್ತೀನಿ, ಹಾಕ್ರಿ. ಸೀದಾ ನಮ್ಮ ಬಾಗಲಕ್ಕ ಬರ್ತೀರಿ."

ಎರಡು ನಿಮಿಷದಲ್ಲಿ ಅಕ್ಷಾಂಶ ರೇಖಾಂಶದ ಅಂಕಿಗಳು ಬಂದವು, ಒಂದೂ ತಪ್ಪಿಲ್ಲದೆ. ಇಷ್ಟು ವ್ಯವಸ್ಥಿತ ಹುಡುಗ ನಮ್ಮ ಕಡೆ ಇದ್ದಾನೆಂದು ನನಗೆ ಸಂತೋಷವೇ ಆಯಿತು. ಹೆಂಡತಿಗೆ ಹೇಳಿದೆ, ವೈನಿಗೆ ಹೇಳಿದೆ. ಆ ರಾತ್ರಿಯ ಮಟ್ಟಿಗೆ ನನ್ನ ಮನಸ್ಸಿನಲ್ಲಿ ಮದುವೆ ಗೊತ್ತಾಗಿಹೋಗಿತ್ತು.

ಭಾನುವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹೊರಟೆವು. ನಾನು, ಪಕ್ಕದಲ್ಲಿ ಮಾವ, ಹಿಂದೆ ವೈನಿ ಮತ್ತು ನನ್ನ ಹೆಂಡತಿ. ಮನೆ ನೋಡಲು ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ಇಲ್ಲ. ಅವಳು ಬಾಗಿಲವರೆಗೆ ಬಂದು, "ಕಾಕಾ, ಎಲ್ಲಾ ಬರೋಬರಿ ವಿಚಾರಿಸಿಕೊಂಡ ಬರ್ರಿ" ಎಂದಳು. ನಾನು ಗಡಿಯಾರ ನೋಡಿಕೊಳ್ಳುತ್ತ ತಲೆಯಾಡಿಸಿದೆ.

ಕಬ್ಬೂರ ದಾಟುವವರೆಗೆ ಮಾವ ಗೆಲುವಾಗಿದ್ದ. ಯಂತ್ರದಲ್ಲಿ ಹೆಂಗಸಿನ ದನಿ, ಇಂಗ್ಲಿಷಿನಲ್ಲಿ. ಅವಳನ್ನು ಮಾವ, ದೊಡ್ಡ ಮನೆತನದ ಹೆಂಗಸರನ್ನು ಕರೆಯುವಂತೆ, ಬಾಯಿಯವರು ಎಂದು ಕರೆಯತೊಡಗಿದ. "ಬಾಯಿಯವರು ಆಗಲಿಂದ ಒಂದ ಸವನ ಮಾತಾಡಾಕತ್ತಾರ, ಯಾರರ ನೀರ ಕೊಡ್ರಿ" ಎಂದ. ಹಿಂದೆ ಕುಳಿತವರು ನಕ್ಕರು. ಎದುರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಬರುತ್ತಿದ್ದವು; ಹತ್ತು ನಿಮಿಷ ಹಿಂದೆ ಬಿದ್ದೆವು. ನಾನು ಹನ್ನೊಂದಕ್ಕೆ ಬರುತ್ತೇವೆಂದು ಹೇಳಿದ್ದೆ.

ಊರು ಇನ್ನೇನು ಒಂದು ಕಿಲೋಮೀಟರ್ ಇರುವಾಗ ಯಂತ್ರ ಬಲಕ್ಕೆ ತಿರುಗಲು ಹೇಳಿತು. ಅದು ಕಾಲುವೆಯ ದಂಡೆಯ ದಾರಿ. ಊರಿನ ಗುಡಿಯ ಶಿಖರ, ಶಾಲೆಯ ಕಟ್ಟಡ, ಸ್ಟ್ಯಾಂಡಿನ ಹತ್ತಿರ ನಿಂತ ಜನ ಎಡಗಡೆ ದೂರದಲ್ಲಿ ಕಾಣುತ್ತಿದ್ದರು. ಮಾವ ನೆಟ್ಟಗೆ ಕುಳಿತ.

"ಊರಾಗ ಹೋಗೂದಿಲ್ಲೇನು?"

"ಊರಾಗೇನೈತ್ರಿ, ಮನಿ ತ್ವಾಟದಾಗ ಐತಿ."

"ಸ್ಟ್ಯಾಂಡಿಗೆ ಒಂದ ಗಳಿಗಿ ನಿಲ್ಲಸು. ಒಂದ ಕಪ್ ಚಹಾ ಕುಡದ ಹೋಗೂನು."

"ಹನ್ನೊಂದಕ್ಕ ಇನ್ನ ಏಳ ನಿಮಿಷ ಉಳದಾವ ಮಾಮಾ. ಚಹಾ ಅವರ ಮನಿಯಾಗ ಕೊಡ್ತಾರ."

"ಅವರ ಮನಿ ಚಹಾ ಬ್ಯಾರೆ ಇರತೈತೋ" ಎಂದ ಮಾವ. ನಾನು ಬಲಕ್ಕೆ ತಿರುಗಿಸಿದೆ. ಅವನು ಕಾಲುವೆಯ ನೀರಿನ ಕಡೆ ಮುಖ ಮಾಡಿ ಕುಳಿತ. ಆಮೇಲೆ ಬಾಯಿಯವರ ಸುದ್ದಿಯನ್ನೂ ಎತ್ತಲಿಲ್ಲ.

ಹನ್ನೊಂದಕ್ಕೆ ಒಂದು ನಿಮಿಷ ಮುಂಚೆ ಬಾಗಿಲ ಮುಂದೆ ನಿಂತೆವು. ಯಂತ್ರ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಆರ್‌ಸಿಸಿ ಮನೆ, ಎರಡು ಎಮ್ಮೆ, ಬೋರಿಗೆ ಒಳ್ಳೆಯ ನೀರು. ಹುಡುಗ ವಿನಯದವನು. ಅವನ ತಾಯಿ ವೈನಿಯ ಕೈ ಹಿಡಿದುಕೊಂಡೇ ಮಾತಾಡಿದಳು. ಅವಲಕ್ಕಿ, ಚಹಾ ಆಯಿತು. ಒಂದೂ ಕಾಲಿಗೆ ವಾಪಸು ಹೊರಟು, ಅದೇ ಕಾಲುವೆಯ ದಾರಿಯಿಂದ ಬಂದೆವು.

ಮನೆಗೆ ಬಂದ ಮೇಲೆ ಮಾವ ನನ್ನನ್ನು ಅಂಗಳಕ್ಕೆ ಕರೆದ. ಗುರುವಾರ ತಾನೊಬ್ಬನೇ ಬಸ್ಸಿಗೆ ಹೋಗಿ ಆ ಊರಲ್ಲಿ ಒಂದು ತಾಸು ಕೂತು ಬರುತ್ತೇನೆ ಎಂದ. ಬುಧವಾರಕ್ಕೆ ಸಾಕರಪುಡಾ ಇಟ್ಟಾಗಿದೆ, ಸಕ್ಕರೆ ಪೊಟ್ಟಣ ಹಂಚಿ ಮಾತು ಗಟ್ಟಿ ಮಾಡಿದ ಮರುದಿನ ಹೋಗಿ ವಿಚಾರಿಸಿದರೆ ಬೀಗರಿಗೆ ಏನೆನಿಸುತ್ತದೆ ಎಂದು ನಾನು ಕೇಳಿದೆ. ಹಾಗಾದರೆ ಸೋಮವಾರವೇ ಹೋಗುತ್ತೇನೆ ಎಂದ. ನಾನು ದನಿ ಎತ್ತಿದೆ. ತಾನಾಗಿ ಮನೆಯ ಬಾಗಿಲಿನ ನಂಬರ್ ಕೊಟ್ಟ ಹುಡುಗ ಏನು ಮುಚ್ಚಿಡುತ್ತಾನೆ ಎಂದೆ. ಮಾವ ಬಾಯಲ್ಲಿದ್ದ ತಂಬಾಕು ಉಗುಳಿ, ಹೆಗಲ ಮೇಲಿನ ಟವಲು ಕೊಡವಿ ತನ್ನ ಮನೆಗೆ ಹೋದ. ನಾನು ಆ ಮಾತನ್ನು ಒಂದು ಒಳ್ಳೆಯ ವಾದವೆಂದು ಹೆಂಡತಿಯ ಮುಂದೆ ಮತ್ತೊಮ್ಮೆ ಹೇಳಿದೆ.

ಮದುವೆ ವೇಳೆಗೆ ಸರಿಯಾಗಿ ನಡೆಯಿತು. ಆ ಊರಿನಿಂದ ಎರಡು ಟ್ರಕ್ಕು ಜನ ಬಂದಿದ್ದರು. ಊಟ ಮಾಡಿದರು, ನಮ್ಮ ಹುಡುಗಿಯ ಮುಖ ನೋಡಿದರು, ಹೋದರು. ಕೆಲವು ಹೆಂಗಸರು ಅವಳನ್ನು ಹೆಚ್ಚು ಹೊತ್ತು ನೋಡಿದರೆಂದು ನನ್ನ ಹೆಂಡತಿ ಆಮೇಲೆ ನೆನಪಿಸಿಕೊಂಡಳು. ಆಗ ಚೆಲುವೆ ಎಂದು ನೋಡುತ್ತಿದ್ದಾರೆ ಅಂದುಕೊಂಡಿದ್ದಳಂತೆ.

ಐದನೇ ತಿಂಗಳು ಹುಡುಗಿ ಒಂದು ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿಳಿದಳು. ಅಳುತ್ತಿರಲಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳಿದಳು. ಗಂಡ ವಾರದಲ್ಲಿ ಮೂರು ದಿನ ಡ್ಯೂಟಿಗೆ ಎಂದು ಹೋಗುವುದು ಮುಂದೆ ನಾಲ್ಕು ದಿನವಾಗಿತ್ತು. ನೆರೆಯ ತೋಟದ ಮುದುಕಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಾಗ, ನಮ್ಮ ಮನೆಯವರು ಮೀರಜದಲ್ಲಿ ಎಲ್ಲಿ ಉಳಿಯುತ್ತಾರೆ ಎಂದು ಇವಳು ಸುಮ್ಮನೆ ಕೇಳಿದಳು. ಮುದುಕಿ ಪಾತ್ರೆ ಕೆಳಗಿಟ್ಟು ಕುಳಿತಳು. ಅಲ್ಲಿ ಅವನಿಗೆ ಹೆಂಡತಿ ಇದ್ದಳು, ಮೂರು ವರ್ಷದ ಗಂಡು ಮಗುವಿತ್ತು. ಅವಳು ಬೇರೆ ಜಾತಿಯವಳೆಂದು ತಾಯಿ ಮನೆಗೆ ಸೇರಿಸಿರಲಿಲ್ಲ. ಜಾತಿಯ ಸೊಸೆ ಬೇಕೆಂದು ನಮ್ಮ ಹುಡುಗಿಯನ್ನು ತಂದಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ. ಐದು ತಿಂಗಳು ಅವಳು ಯಾರನ್ನೂ ಕೇಳಿರಲಿಲ್ಲ, ಹಾಗಾಗಿ ಯಾರೂ ಹೇಳಿರಲಿಲ್ಲ.

ಮರುದಿನ ಮಾವ ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಆ ಊರಿಗೆ ಹೋಗಿ ಬಂದ. ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ನನ್ನ ಮುಖ ನೋಡದೆ ಹೇಳಿದ. ಗಿರಣಿಯವನನ್ನು ಕಂಡಿದ್ದನಂತೆ. ನೀವೆಲ್ಲ ಗೊತ್ತಿದ್ದೂ ಒಂದು ಹೆಣ್ಣಿನ ಬಾಳು ಹೀಗೆ ಮಾಡಿದಿರಲ್ಲ ಎಂದು ಜಗಳ ತೆಗೆಯಲು ಹೋಗಿದ್ದ. ಗಿರಣಿಯವನು ಗಿರಣಿ ಬಂದ್ ಮಾಡಿ ಹೊರಗೆ ಬಂದು ಹೇಳಿದ ಮಾತನ್ನು ಮಾವ ಹಾಗೆಯೇ ಒಪ್ಪಿಸಿದ.

"ಅಜ್ಜಾರ, ಆವತ್ತ ನಿಮ್ಮ ಬಿಳೇ ಗಾಡಿ ಕೆನಾಲ ದಂಡಿ ಮ್ಯಾಲ ಹೊಂಟಿದ್ದು ನಾವ ಇಲ್ಲೆ ಕುಂತ ನೋಡೇವ್ರಿ. ಈಗ ಬರ್ತಾರ, ಆಗ ಬರ್ತಾರ ಅಂತ ಹಾದಿ ಕಾದೇವಿ. ಕೇಳಾಕ ಬರದವರ ಮನಿಗೆ ಹೋಗಿ ಹ್ಯಾಂಗ ಹೇಳೂದ್ರಿ?"

ಮಾವ ನನ್ನನ್ನು ಬಯ್ಯುತ್ತಾನೆಂದು ಕಾದೆ. ಅವನು ಟವಲಿನಿಂದ ಮುಖ ಒರೆಸಿಕೊಂಡು, "ನಾನರ ಇಳೀಬೇಕಾಗಿತ್ತ. ಗಾಡಿ ನಿಂದ, ಹೊತ್ತ ನಿಂದ ಅಂತ ಸುಮ್ಮ ಕುಂತೆ" ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಎರಡು ವರ್ಷದ ನಂತರ ಅವನು ತೀರಿಕೊಂಡ. ತಪ್ಪು ನಿನ್ನದಲ್ಲ, ನನ್ನದು ಎಂದು ಅವನಿಗೆ ಹೇಳಲು ಸಾಕಷ್ಟು ದಿನಗಳಿದ್ದವು. ಹೇಳಲಿಲ್ಲ.

ಹಿರಿಯರು ಕುಳಿತು ಸಂಬಂಧ ಬಿಡಿಸಿದರು. ಹುಡುಗಿ ಮತ್ತೆ ಕೆಲಸಕ್ಕೆ ಹೋದಳು, ಪರೀಕ್ಷೆ ಬರೆದಳು, ಅಥಣಿಯಲ್ಲಿ ಒಂದು ಸರ್ಕಾರಿ ಕಚೇರಿ ಸೇರಿದಳು. ಪ್ರತಿ ಶನಿವಾರ ಚಿಕ್ಕೋಡಿಗೆ ಬರುತ್ತಿದ್ದಳು. ನನ್ನೊಡನೆ ಎಂದಿನಂತೆ ಮಾತಾಡುತ್ತಿದ್ದಳು, ಚಹಾ ತಂದು ಕೊಡುತ್ತಿದ್ದಳು. ಒಂದು ಸಲ ಮಾತ್ರ ಕೇಳಿದಳು. ನನ್ನ ಹೆಂಡತಿ ಒಳಗಿದ್ದಳು, ನಾವಿಬ್ಬರೇ ಪಡಸಾಲೆಯಲ್ಲಿದ್ದೆವು.

"ಕಾಕಾ, ಆವತ್ತ ಊರಾಗ ಒಬ್ಬರನ್ನೂ ಕೇಳಲಿಲ್ಲೇನ್ರಿ ನೀವು?"

ಚಾಲಕರಿಂದ ಕಾರಣ ಬರೆಸಿಕೊಳ್ಳುತ್ತಿದ್ದವನು ನಾನು. ಟ್ರ್ಯಾಕ್ಟರುಗಳಿಂದ ತಡವಾಗಿತ್ತು, ಹನ್ನೊಂದಕ್ಕೆ ಬರುತ್ತೇವೆಂದು ಹೇಳಿದ್ದೆ, ಮನೆ ತೋಟದಲ್ಲಿತ್ತು. ಎಲ್ಲವೂ ನಾಲಿಗೆಯ ತುದಿಗೆ ಬಂದವು. "ಇಲ್ಲವ್ವಾ" ಎಂದೆ. ಅವಳು ತಲೆಯಾಡಿಸಿ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟ ಅಂಕಿಗೆ ಅದು ಕರೆದೊಯ್ಯಿತು. ನಾನು ಅಷ್ಟು ದುಡ್ಡು ಕೊಟ್ಟು ಆರಿಸಿದ್ದು ದಾರಿ ತೋರಿಸುವುದನ್ನಲ್ಲ, ಮನುಷ್ಯರ ಮುಂದೆ ನಿಲ್ಲುವುದನ್ನು ತಪ್ಪಿಸುವುದನ್ನು. ಎರಡನೆಯ ಯಂತ್ರ ಕೊಂಡಿದ್ದರೆ ಊರಿನ ಸ್ಟ್ಯಾಂಡಿನಲ್ಲಿ ನಿಲ್ಲಲೇಬೇಕಾಗುತ್ತಿತ್ತು. ಇದನ್ನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಮತ್ತೆ ಆರು ವರ್ಷಕ್ಕೆ ಅವಳಿಗೊಂದು ಸಂಬಂಧ ಬಂತು. ಕೃಷ್ಣಾ ದಂಡೆಯ ಜುಗೂಳದವನು, ಶಾಲೆಯ ಮಾಸ್ತರ, ಹೆಂಡತಿ ತೀರಿಕೊಂಡವನು. ವಿಷಯ ನನ್ನ ಕಿವಿಗೆ ಬಿದ್ದದ್ದು ಹೆಂಡತಿಯಿಂದ. ನಾನು ವೈನಿಯ ಮನೆಗೆ ಹೋಗಿ, ಈ ಸಲ ನಾನು ಬಸ್ಸಿಗೆ ಹೋಗಿ ಇಡೀ ದಿನ ಊರಲ್ಲಿ ಕೂತು ವಿಚಾರಿಸಿ ಬರುತ್ತೇನೆ ಎಂದೆ. ವೈನಿ ಮಗಳ ಮುಖ ನೋಡಿದಳು. ಹುಡುಗಿ ಸಮಾಧಾನವಾಗಿಯೇ ಹೇಳಿದಳು.

"ಬ್ಯಾಡ ಕಾಕಾ. ನಾನ ಹೋಗಿ ಕೇಳ್ತೀನಿ. ನೀವು ಬೇಕಾರ ಗಾಡಿ ತಗೊಂಡ ಬರ್ರಿ."

ನಾನು ಗಾಡಿ ತೆಗೆದುಕೊಂಡು ಹೋದೆ. ಜುಗೂಳದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಹತ್ತೂವರೆ. ನಾನೂ ಇಳಿಯಲು ಬಾಗಿಲು ತೆಗೆದೆ. ನೀವು ಇಲ್ಲೇ ಕುಂತಿರ್ರಿ ಎಂದು ಅವಳು ಹೊರಗಿನಿಂದ ಬಾಗಿಲು ಮುಚ್ಚಿದಳು. ಒಬ್ಬಳೇ ನಡೆದು ಹೋಗಿ ಕಿರಾಣಿ ಅಂಗಡಿಯ ಮುಂದೆ ಜೋಳ ಹಸನು ಮಾಡುತ್ತಿದ್ದ ಹೆಂಗಸರ ಹತ್ತಿರ ನಿಂತಳು. ಒಬ್ಬಳು ಜರುಗಿ ಜಾಗ ಕೊಟ್ಟಳು. ಇವಳು ಕುಳಿತು ತಾನೂ ಮೊರಕ್ಕೆ ಕೈ ಹಾಕಿದಳು. ಕಾರಿನ ಗಾಜಿನೊಳಗಿಂದ ನನಗೆ ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಎಲ್ಲರೂ ನಕ್ಕರು. ಒಮ್ಮೆ ಒಬ್ಬ ಮುದುಕಿ ಇವಳ ಮಂಡಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೋ ಹೇಳಿದಳು. ದಾರಿಯಲ್ಲಿ ಹೋಗುವವನೊಬ್ಬ ಕಾರಿನ ಹತ್ತಿರ ಬಗ್ಗಿ, ಯಾರ ಮನೆಗೆ ಬಂದಿದ್ದೀರಿ ಎಂದು ನನ್ನನ್ನು ಕೇಳಿದ. ನಾನು ಅವಳ ಕಡೆ ಕೈ ತೋರಿಸಿದೆ.

ಹನ್ನೆರಡೂ ಮುಕ್ಕಾಲಿಗೆ ಬಂದು ಕುಳಿತು, "ನಡೀರಿ ಕಾಕಾ" ಎಂದಳು. ಕಾಗವಾಡ ದಾಟುವವರೆಗೆ ತಡೆದುಕೊಂಡೆ. ಆಮೇಲೆ, ಏನಂದರು ಎಂದು ಕೇಳಿದೆ.

"ಮೊದಲ ಅವ್ವಗ ಹೇಳ್ತೀನ್ರಿ" ಎಂದಳು. ದನಿಯಲ್ಲಿ ಒರಟಿರಲಿಲ್ಲ. ನಾನು ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿಕೊಂಡು, ಆಗಲಿ ಎಂದೆ.

ಜುಗೂಳದವರು ಏನು ಹೇಳಿದರೆಂದು ನನಗೆ ಯಾರೂ ಹೇಳಲಿಲ್ಲ. ಹದಿನೈದು ದಿನದ ನಂತರ ಮದುವೆಯ ದಿನ ಗೊತ್ತಾಗಿದೆ ಎಂಬ ಸುದ್ದಿ ಬಂತು. ಒಳ್ಳೆಯ ಮನುಷ್ಯನೇ ಸಿಕ್ಕ, ಇವತ್ತಿಗೂ ಚೆನ್ನಾಗಿದ್ದಾರೆ. ಮದುವೆಗೆ ನನಗೆ ಒಪ್ಪಿಸಿದ ಕೆಲಸ ಗಾಡಿಗಳ ವ್ಯವಸ್ಥೆ. ಯಾವ ಗಾಡಿ ಎಷ್ಟಕ್ಕೆ ಎಲ್ಲಿಂದ ಬಿಡಬೇಕೆಂದು ಪಟ್ಟಿ ಮಾಡಿ, ಒಂದೂ ತಡವಾಗದಂತೆ ನೋಡಿಕೊಂಡೆ. ತಂದೆಯ ಜಾಗದಲ್ಲಿ ನಿಂತು ಧಾರೆ ಎರೆಯಲು ವೈನಿ ತನ್ನ ತಮ್ಮನನ್ನು ಕರೆದಿದ್ದಳು. ಹಿಂದಿನ ಸಲ ಅಲ್ಲಿ ನಿಂತವನು ನಾನು. ಅಕ್ಷತೆಯ ಅಕ್ಕಿಕಾಳು ಹಂಚುವ ಹೊತ್ತಿಗೆ ಕೊನೆಯ ಟ್ರಕ್ಕು ಬಂತು. ಅದನ್ನು ಎಲ್ಲಿ ನಿಲ್ಲಿಸಲಿ ಎಂದು ಚಾಲಕ ಕೇಳಿದ. ನಾನು ಅವನ ಜೊತೆ ರಸ್ತೆಯವರೆಗೆ ನಡೆದು ಹೋಗಿ ಜಾಗ ತೋರಿಸಿದೆ. ತಿರುಗಿ ಬರುವಷ್ಟರಲ್ಲಿ ಕಾರ್ಯ ಮುಗಿದಿತ್ತು.